ಕ್ಲೋರಿನ್ ಮಾತ್ರೆಗೆ ಪಂಚಾಯಿತಿಯೇ ದುಡ್ಡು ಕೊಟ್ಟಿತು: ನನ್ನ ಅನುಭವ

"ಬ್ಲೀಚಿಂಗ್ ಪೌಡರಿಗೇ ದುಡ್ಡಿಲ್ಲ ಅನ್ನೋ ಪಂಚಾಯಿತಿ ನಿಮ್ಮ ಮಾತ್ರೆಗೆ ಕೊಡುತ್ತಾ?" ಹಳ್ಳಿಯ ಕುಡಿಯುವ ನೀರಿನ ಟ್ಯಾಂಕಿಗೆ ಕ್ಲೋರಿನ್ ಮಾತ್ರೆ ಸೇರಿಸುವ ನಮ್ಮ ಸಾಧನದ ಬಗ್ಗೆ ಈ ಮಾತನ್ನು ತಾಲೂಕು ಮಟ್ಟದಲ್ಲೂ ಕೇಳಿದ್ದೇವೆ, ದಾನಿ ಸಂಸ್ಥೆಗಳ ಸಭೆಗಳಲ್ಲೂ ಕೇಳಿದ್ದೇವೆ. ಈಗ ಸುಮಾರು ನಲವತ್ತು ಗ್ರಾಮ ಪಂಚಾಯಿತಿಗಳ ಕ್ರಿಯಾ ಯೋಜನೆಯಲ್ಲಿ ಈ ಬಾಬ್ತು ಕೂತಿದೆ. ಮೊದಲು ಶುರು ಮಾಡಿದ ಕಡೆಗಳಲ್ಲಿ ನಮ್ಮ ತಂಡದವರು ಹೋಗದಿದ್ದರೂ ಮಾತ್ರೆ ತರಿಸುತ್ತಾರೆ, ಕೊನೆಯ ನಲ್ಲಿಯಲ್ಲಿ ಪರೀಕ್ಷೆ ಮಾಡುತ್ತಾರೆ, ಬಿಲ್ ಪಾಸಾಗುತ್ತದೆ. ಇದೇ ಕ್ಷೇತ್ರದಲ್ಲಿ ಕೆಲಸ ಮಾಡುವವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ. ಅಂಕಿಗಳು ನೆನಪಿನಿಂದ ಕೊಟ್ಟವು, ಹೆಚ್ಚುಕಡಿಮೆ ಇರಬಹುದು.

ಸಾಧನದ ವಿಷಯ ಮೊದಲು ಮುಗಿಸುತ್ತೇನೆ. ಓವರ್‌ಹೆಡ್ ಟ್ಯಾಂಕಿಗೆ ಏರುವ ಪೈಪಿನಿಂದ ಮುಕ್ಕಾಲು ಇಂಚಿನ ಕವಲು ತೆಗೆದು, ಟಿಸಿಸಿಎ (ನಿಧಾನವಾಗಿ ಕರಗಿ ಕ್ಲೋರಿನ್ ಬಿಡುವ ರಾಸಾಯನಿಕ) ಮಾತ್ರೆ ಜೋಡಿಸಿದ ಪಿವಿಸಿ ಕೊಳವೆಯ ತಳಕ್ಕೆ ನೀರು ಹಾಯಿಸಿ ಟ್ಯಾಂಕಿಗೆ ಬಿಡುವುದು, ಅಷ್ಟೇ. ಮೊದಲು ಇದನ್ನು ನೆಲಮಟ್ಟದಲ್ಲೇ ಬೈಪಾಸಿನಲ್ಲಿ ಕೂರಿಸುತ್ತಿದ್ದೆವು. ನೀರಗಂಟಿಗೆ ಹತ್ತುವ ಕಷ್ಟ ಇರಲಿಲ್ಲ, ಆದರೆ ಪಂಪ್ ನಿಂತಾಗ ಮಾತ್ರೆಗಳು ನೀರಿನಲ್ಲೇ ನೆನೆಯುತ್ತಿದ್ದವು. ಮತ್ತೆ ಪಂಪ್ ಹಾಕಿದಾಗ ಮೊದಲ ಕೆಲವು ನಿಮಿಷ ಘಾಟು ನೀರು. ತ್ರೀ ಫೇಸ್ ಕರೆಂಟ್ ಬಿಟ್ಟು ಬಿಟ್ಟು ಬರುವ ಊರುಗಳಲ್ಲಂತೂ ದಿನಕ್ಕೆ ನಾಲ್ಕೈದು ಸಲ ಇದೇ ಪಾಡು. ಮುಚ್ಚಿದ ಕೊಳವೆಯಲ್ಲಿ ಅನಿಲ ಸೇರಿ, ಬಿಚ್ಚುವವರ ಮುಖಕ್ಕೆ ಹೊಡೆಯುವ ಅಪಾಯ ಬೇರೆ. ಹಾಗಾಗಿ ಟ್ಯಾಂಕಿನ ಮೇಲೆ, ಮ್ಯಾನ್‌ಹೋಲಿನ ಪಕ್ಕಕ್ಕೆ ಒಯ್ದೆವು. ಅಲ್ಲಿ ಪಂಪ್ ನಿಂತ ಕೂಡಲೇ ಕೊಳವೆ ತಾನೇ ಖಾಲಿಯಾಗುತ್ತದೆ, ಅನಿಲವೂ ಹೊರಹೋಗುತ್ತದೆ. ಮೂರು ಕೆಜಿ ಮಾತ್ರೆ ಹಿಡಿಯುವಷ್ಟು ಉದ್ದ ಕೊಟ್ಟರೆ ಹತ್ತುವುದು ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಮಾತ್ರ.

110 ಎಂಎಂ ಪೈಪ್ ಬಳಸಬೇಡಿ. 200 ಗ್ರಾಮಿನ ಮಾತ್ರೆ ಅದರಲ್ಲಿ ಓರೆಯಾಗಿ ಕಚ್ಚಿಕೊಂಡು ಮೇಲೇ ನಿಂತುಬಿಡುತ್ತದೆ. ಹೊರಗಿನಿಂದ ನೋಡಿದರೆ ಕೊಳವೆ ತುಂಬಿದೆ, ನಲ್ಲಿಯಲ್ಲಿ ಕ್ಲೋರಿನ್ ಸೊನ್ನೆ. 90 ಎಂಎಂ ಸರಿಹೋಗುತ್ತದೆ. ಜಿಐ, ಹಿತ್ತಾಳೆ, ಕಬ್ಬಿಣದ ಸ್ಕ್ರೂ ಯಾವುದೂ ಬೇಡ, ಒಂದು ಮಳೆಗಾಲಕ್ಕೆ ತಿಂದುಹೋಗುತ್ತವೆ. ಕೊಳವೆಯ ತಳದಲ್ಲಿ ನೀರು ಹಾಯುವ ಸೀಳುಗಳ ಅಳತೆ ಮತ್ತು ಸಂಖ್ಯೆಯನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ತುಂಬ ಪೈಪ್ ಹಾಳುಮಾಡಿದ್ದೇವೆ, ಬಂದು ನೋಡಿದವರಿಗೆ ತೋರಿಸುತ್ತೇವೆ. ಒಟ್ಟು ಖರ್ಚು ಪ್ಲಂಬರ್ ಕೂಲಿ ಸೇರಿ ಐದು ಸಾವಿರದೊಳಗೆ.

ಎರಡು ವಿಷಯದಲ್ಲಿ ರಾಜಿ ಬೇಡ. ಈಜುಕೊಳದ ನೀಲಿ ಮಾತ್ರೆ ಅಗ್ಗಕ್ಕೆ ಸಿಗುತ್ತದೆ, ಅದರಲ್ಲಿ ತಾಮ್ರದ ಸಲ್ಫೇಟ್, ಆಲಮ್ ಬೆರೆಸಿರುತ್ತಾರೆ. ಕುಡಿಯುವ ನೀರಿಗೆ ಪ್ರಮಾಣಪತ್ರ ಇರುವುದನ್ನೇ ಕೊಳ್ಳಿ. ಇನ್ನೊಂದು, ಖಾಲಿ ಕೊಳವೆಗೆ ಬ್ಲೀಚಿಂಗ್ ಪೌಡರ್ ಸುರಿಯಲು ಯಾರಿಗೂ ಬಿಡಬೇಡಿ. ಟಿಸಿಸಿಎ ಜೊತೆ ಅದು ಸೇರಿ ಒದ್ದೆಯಾದರೆ ಬೆಂಕಿ ಹತ್ತಬಹುದು, ಸಿಡಿಯಬಹುದು. ಎರಡನ್ನೂ ಒಂದೇ ಕೋಣೆಯಲ್ಲಿ ಇಡುವುದೂ ಬೇಡ.

ಲೆಕ್ಕ ಹೀಗಿದೆ. 50,000 ಲೀಟರ್ ಟ್ಯಾಂಕ್ ದಿನಕ್ಕೆರಡು ಸಲ ತುಂಬಿದರೆ ಒಂದು ಲಕ್ಷ ಲೀಟರ್. ಲೀಟರಿಗೆ ಒಂದು ಮಿಲಿಗ್ರಾಂ ಎಂದರೆ 100 ಗ್ರಾಂ ಕ್ಲೋರಿನ್, ಅಂದರೆ ಸುಮಾರು 110 ಗ್ರಾಂ ಮಾತ್ರೆ. ಕೆಜಿಗೆ 250 ರೂಪಾಯಿ ಹಿಡಿದರೆ ತಿಂಗಳಿಗೆ 825 ರೂಪಾಯಿ ಆಸುಪಾಸು. ತಲೆಗೆ 55 ಲೀಟರಿನಂತೆ ಆ ನೀರು 1,800 ಜನರಿಗೆ ಸಾಕು; ತಿಂಗಳಿಗೆ ತಲೆಗೆ ಐವತ್ತು ಪೈಸೆಯೂ ಬೀಳುವುದಿಲ್ಲ. ಬ್ಲೀಚಿಂಗ್ ಪೌಡರ್ ಇದಕ್ಕಿಂತ ಅಗ್ಗ, ನಿಜ. ಆದರೆ ಬಿಚ್ಚಿದ ಚೀಲ ಮಳೆಗಾಲದಲ್ಲಿ ಕೆಲವೇ ವಾರಕ್ಕೆ ಸತ್ವ ಕಳೆದುಕೊಳ್ಳುತ್ತದೆ, ಟ್ಯಾಂಕಿನ ತಳದಲ್ಲಿ ಸುಣ್ಣದ ಗಸಿ ಕೂರುತ್ತದೆ, ದಿನವೂ ಕಲಸಿ ಹಾಕುವ ಕೆಲಸವನ್ನು ವಾರಕ್ಕೊಮ್ಮೆ ಮಾಡುತ್ತಾರೆ.

ದುಡ್ಡಿನ ಕಥೆ ಇದಕ್ಕಿಂತ ಕಠಿಣ. ಹೊಸತನಕ್ಕೆಂದೇ ಇರುವ ನಿಧಿಯೊಂದರಿಂದ ಮೊದಲ ಕಂತು ಸುಲಭವಾಗಿ ಸಿಕ್ಕಿತು. ಮೂರು ಪಂಚಾಯಿತಿಗಳಲ್ಲಿ ಉಚಿತವಾಗಿ ಹಾಕಿಕೊಟ್ಟೆವು. ಯೋಜನೆ ಮುಗಿದು ಆರು ತಿಂಗಳಿಗೆ ಹೆಚ್ಚಿನ ಕೊಳವೆಗಳು ಖಾಲಿ. ಎರಡನೇ ಹಂತಕ್ಕೆ ಅದೇ ನಿಧಿಯವರು ಕೇಳಿದ್ದು "ಇದರಲ್ಲಿ ಹೊಸದೇನಿದೆ?" ನಾಲ್ಕನೇ ಪಂಚಾಯಿತಿಗೆ ಹೋಗುವುದು ಹೊಸದಲ್ಲ, ಹಾಗಾಗಿ ದುಡ್ಡಿಲ್ಲ. ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣದ ಕಡೆಗೆ ತಿರುಗಿದರೆ ಮಾರ್ಚ್‌ನೊಳಗೆ ಖರ್ಚಾಗಬೇಕು, ಫಲಕ ಇರಬೇಕು. ಮಾತ್ರೆ ತುಂಬುವುದಕ್ಕೆ ಯಾರೂ ರಿಬ್ಬನ್ ಕತ್ತರಿಸುವುದಿಲ್ಲ.

ಇಲ್ಲಿ ಕೀನ್ಯಾದ ಪಾಠ ನಮಗೆ ಕೈಹಿಡಿಯಿತು. ಅರ್ಥಶಾಸ್ತ್ರಜ್ಞ ಮೈಕೆಲ್ ಕ್ರೆಮರ್ ಮತ್ತು ಸಂಗಡಿಗರು ಅಲ್ಲಿ ತೋರಿಸಿಕೊಟ್ಟ ಪ್ರಕಾರ, ಕ್ಲೋರಿನ್ ಬಾಟಲಿಯನ್ನು ಮಾರಿದಾಗ ಬಳಸುವ ಮನೆಗಳು ಬಹಳ ಕಡಿಮೆ. ನೀರು ತುಂಬುವ ಜಾಗದಲ್ಲೇ ಡಿಸ್ಪೆನ್ಸರ್ (ಅಳತೆಯ ಕ್ಲೋರಿನ್ ಬಿಡುವ ಡಬ್ಬಿ) ಇಟ್ಟು ಉಚಿತವಾಗಿ ಕೊಟ್ಟಾಗ ಬಳಕೆ ಹಲವು ಪಟ್ಟು ಏರಿತು. ಅಂದರೆ ಮನೆಯವರಿಂದ ಹಣ ಎತ್ತುವ ಯೋಚನೆ ಬಿಡಬೇಕು, ಬೇರೆ ಯಾರಾದರೂ ಪ್ರತಿ ವರ್ಷ ಕೊಡಬೇಕು. ಆಫ್ರಿಕಾದಲ್ಲಿ ಆ ಡಿಸ್ಪೆನ್ಸರುಗಳು ಲಕ್ಷಾಂತರ ಜನರಿಗೆ ಮುಟ್ಟಿದ್ದು ಬಹುಪಾಲು ಹೊರದೇಶದ ದಾನಿಗಳ ಹಣದಿಂದ. 2010ರಲ್ಲಿ ಅಮೆರಿಕ ಸರ್ಕಾರದ ನೆರವು ಸಂಸ್ಥೆ ಯುಎಸ್‌ಏಡ್ ಆರಂಭಿಸಿದ ಡಿಐವಿ (ಡೆವಲಪ್‌ಮೆಂಟ್ ಇನೊವೇಶನ್ ವೆಂಚರ್ಸ್) ನಿಧಿ ಇಂಥವನ್ನು ಹಂತ ಹಂತವಾಗಿ, ಪುರಾವೆ ನೋಡಿ ಬೆಳೆಸಿತು. ಒಳ್ಳೆಯ ಪದ್ಧತಿ ಅದು. ಆದರೆ 2025ರಲ್ಲಿ ಯುಎಸ್‌ಏಡ್ ಬಾಗಿಲೇ ಮುಚ್ಚಿತು. ನಮ್ಮಲ್ಲಿ ಪಂಚಾಯಿತಿ ಬಾಗಿಲು ಮುಚ್ಚುವುದಿಲ್ಲ. ನಾಲ್ಕನೇ ವರ್ಷ ಯಾರು ದುಡ್ಡು ಕೊಡಬೇಕೋ ಅವರಿಂದಲೇ ಮೊದಲ ವರ್ಷವೂ ಕೊಡಿಸಬೇಕು ಎಂದು ಆಗ ಗಟ್ಟಿ ಮಾಡಿಕೊಂಡೆವು. ಉಚಿತ ಸಾಧನ ಕೊಡುವುದನ್ನು ಪೂರ್ತಿ ನಿಲ್ಲಿಸಿದೆವು.

15ನೇ ಹಣಕಾಸು ಆಯೋಗದ (2021-26) ಅನುದಾನದಲ್ಲಿ ಶೇ 60 ಟೈಡ್, ಅಂದರೆ ಗೊತ್ತುಪಡಿಸಿದ ಕೆಲಸಕ್ಕೇ ಬಳಸಬೇಕಾದದ್ದು; ಅದರಲ್ಲಿ ಅರ್ಧ ಕುಡಿಯುವ ನೀರಿನದಾಗಿತ್ತು. ದುಡ್ಡಿತ್ತು, ಖರ್ಚಿಗೆ ದಾರಿ ಇರಲಿಲ್ಲ. ಜೆಇ (ಜೂನಿಯರ್ ಎಂಜಿನಿಯರ್) ಹೇಳುತ್ತಿದ್ದುದು ಒಂದೇ: ಈ ಸಾಧನ ಎಸ್‌ಆರ್ ದರಪಟ್ಟಿಯಲ್ಲಿ (ಸರ್ಕಾರಿ ಕಾಮಗಾರಿಗಳ ನಿಗದಿತ ದರಗಳ ಪಟ್ಟಿ) ಇಲ್ಲ. ಒಂದಿಡೀ ವರ್ಷ ಇದರಲ್ಲೇ ಹೋಯಿತು. ಆಮೇಲೆ ಎಸ್ಟಿಮೇಟಿನಲ್ಲಿ "ಕ್ಲೋರಿನೇಟರ್" ಎಂಬ ಒಂದೇ ಐಟಂ ಬರೆಯುವುದನ್ನು ಬಿಟ್ಟೆವು. ಪೈಪ್, ಬಾಲ್ ವಾಲ್ವ್, ಎಂಡ್ ಕ್ಯಾಪ್, ಪ್ಲಂಬರ್ ಕೂಲಿ ಬಿಡಿಬಿಡಿಯಾಗಿ ಬರೆದರೆ ಎಲ್ಲಕ್ಕೂ ದರ ಇದೆ. ಮಾತ್ರೆ, ಪರೀಕ್ಷೆ ನಿರ್ವಹಣೆಯ ಬಾಬ್ತಿಗೆ. ಅಲ್ಲಿಂದ ಕೆಲಸ ಓಡಿತು.

ಸಮಯ ತಪ್ಪಬಾರದು. ಕ್ರಿಯಾ ಯೋಜನೆಯ ಅಭಿಯಾನ ಅಕ್ಟೋಬರ್ 2ಕ್ಕೆ ಶುರುವಾಗುತ್ತದೆ. ಸೆಪ್ಟೆಂಬರಿನಲ್ಲೇ ಎಸ್ಟಿಮೇಟ್ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಮೇಜಿನ ಮೇಲೆ ಇರಬೇಕು, ವಾರ್ಡ್ ಸಭೆಯಲ್ಲಿ ವಿಷಯ ಬರಬೇಕು, ಸಾಮಾನ್ಯ ಸಭೆಯ ನಡಾವಳಿಯಲ್ಲಿ ಟ್ಯಾಂಕುಗಳ ಹೆಸರು ಸಮೇತ ಬರಬೇಕು. ಜನವರಿಯಲ್ಲಿ ಹೋದವರಿಗೆ ಮುಂದಿನ ವರ್ಷವೇ ಗತಿ.

ಮಾತ್ರೆ ತುಂಬುವ, ಪರೀಕ್ಷೆ ಮಾಡುವ ಗುತ್ತಿಗೆ ಮಹಿಳಾ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟಕ್ಕೆ. ಜಲ ಜೀವನ್ ಮಿಷನ್ ಅಡಿ ಊರಿಗೆ ಐವರು ಮಹಿಳೆಯರಿಗೆ ನೀರು ಪರೀಕ್ಷೆ ಕಿಟ್ಟಿನ ತರಬೇತಿ ಆಗಿರುತ್ತದೆ, ಹೊಸಬರನ್ನು ಹುಡುಕುವ ಕೆಲಸವಿಲ್ಲ. ಟ್ಯಾಂಕಿಗೆ ತಿಂಗಳಿಗೆ 1,250 ರೂಪಾಯಿ. ಕೊನೆಯ ನಲ್ಲಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಇದ್ದರೆ ಮಾತ್ರ ಪೂರ್ತಿ ಬಿಲ್. ರಿಜಿಸ್ಟರಿನಲ್ಲಿ ತಾರೀಖು, ಹಾಕಿದ ಮಾತ್ರೆ, ರೀಡಿಂಗ್, ಪರೀಕ್ಷಿಸಿದವರ ಸಹಿ. ಆಡಿಟ್ ಕೇಳುವುದು ಇದನ್ನೇ. ಕ್ಲೋರಿನ್ ಪರೀಕ್ಷೆಗೆ ಬಳಸುವ ಓಟಿ ದ್ರಾವಣದ ಹಳದಿ ಬಣ್ಣ ಸಂಜೆ ಬೆಳಕಿನಲ್ಲಿ ಮೋಸ ಮಾಡುತ್ತದೆ, ಡಿಪಿಡಿ ಎಂಬ ಪರೀಕ್ಷಾ ಮಾತ್ರೆಯ ಗುಲಾಬಿಯೇ ಮೇಲು. ದುಬಾರಿ, ಆದರೂ ಬಿಲ್ ಅದರ ಮೇಲೆ ನಿಂತಿರುವುದರಿಂದ ಜಗಳ ತಪ್ಪುತ್ತದೆ.

ಸರಾಸರಿ ನಾಲ್ಕು ಟ್ಯಾಂಕಿನ ಪಂಚಾಯಿತಿಗೆ ವರ್ಷಕ್ಕೆ 60 ಸಾವಿರ. ಬಿಲ್ ಮಾತ್ರ ಮೂರ್ನಾಲ್ಕು ತಿಂಗಳು ತಡ: ಅಧ್ಯಕ್ಷರು ಊರಲ್ಲಿಲ್ಲ, ಡಿಎಸ್‌ಸಿ (ಡಿಜಿಟಲ್ ಸಹಿ) ಅವಧಿ ಮುಗಿದಿದೆ, ಪಿಡಿಒ ವರ್ಗವಾದರು. ಈ ಅಂತರದಲ್ಲೇ ಒಕ್ಕೂಟ ಕೈಚೆಲ್ಲುತ್ತದೆ. ಹಾಗಾಗಿ ದಾನಿ ಹಣ ಬೇಕಿರುವುದು ಇಲ್ಲಿ: ಬಿಲ್ ಬರುವತನಕ ಖರ್ಚು ನಡೆಸಲು ಒಕ್ಕೂಟಕ್ಕೆ 20 ಸಾವಿರದ ಸುತ್ತುನಿಧಿ. ನಲವತ್ತು ಪಂಚಾಯಿತಿಗೆ ಎಂಟು ಲಕ್ಷ. ಅಷ್ಟೂ ಟ್ಯಾಂಕಿಗೆ ಉಚಿತ ಸಾಧನ ಕೊಟ್ಟರೂ ಹತ್ತಿರ ಹತ್ತಿರ ಇದೇ ಎಂಟು ಲಕ್ಷ ಆಗುತ್ತಿತ್ತು. ಸುತ್ತುನಿಧಿ ಬಿಲ್ ಬಂದಾಗಲೆಲ್ಲ ವಾಪಸು ತುಂಬುತ್ತದೆ. ದಾನಿ ಹಣದಿಂದ ಆಗುವ ಉಳಿದ ಖರ್ಚು ಒಬ್ಬ ಟೆಕ್ನಿಷಿಯನ್, ಒಂದು ಬೈಕ್, ಪೆಟ್ರೋಲ್. ಒಬ್ಬ ಹುಡುಗ ಹದಿನೈದು ಪಂಚಾಯಿತಿ ನೋಡಿಕೊಳ್ಳಬಲ್ಲ, ಎರಡನೇ ವರ್ಷ ಮೂವತ್ತು.

ನಡುವೆ ಉಪ್ಪುನೀರಿಗೆ ಕರೆಂಟ್ ಕೊಟ್ಟು ಊರಲ್ಲೇ ಕ್ಲೋರಿನ್ ಮಾಡುವ ಯಂತ್ರವನ್ನೂ ಪ್ರಯತ್ನಿಸಿದೆವು. ರಾಸಾಯನಿಕ ಸಾಗಿಸುವ ತಾಪತ್ರಯವಿಲ್ಲ, ಶಾಲೆಯ ಮಕ್ಕಳಿಗೆ ತೋರಿಸಲು ಚೆನ್ನ. ಗಡಸು ಬೋರ್ ನೀರಿನಲ್ಲಿ ಎಲೆಕ್ಟ್ರೋಡಿಗೆ ಸುಣ್ಣ ಕಟ್ಟಿ ಸೋತಿತು. ಮಳೆನೀರು ಹಿಡಿದು ಉಪ್ಪು ಕಲಸಿದರೆ ಚೆನ್ನಾಗಿ ನಡೆಯುತ್ತದೆ, ಆ ಪ್ರಯೋಗ ಇನ್ನೂ ಜಾರಿಯಲ್ಲಿದೆ.

ಜನರ ಕಡೆಯಿಂದ ಬರುವ ದೂರು ವಾಸನೆಯದು, ಚಹಾ ರುಚಿ ಕೆಟ್ಟಿತೆಂಬುದು. ಮೊದಲ ತಿಂಗಳು ನಲ್ಲಿಯಲ್ಲಿ 0.2ರಿಂದ 0.3ರೊಳಗೇ ಇಡಿ, ಆಮೇಲೆ ಏರಿಸಿ. ಕಬ್ಬಿಣದ ಅಂಶ ಹೆಚ್ಚಿರುವ ಬೋರ್ ಆದರೆ ಕ್ಲೋರಿನ್ ಅಲ್ಲೇ ಖರ್ಚಾಗಿ ಕೊನೆಯ ನಲ್ಲಿಗೆ ಮುಟ್ಟುವುದಿಲ್ಲ, ಅಂಥ ಊರಿಗೆ ಮಾತ್ರೆಯ ಲೆಕ್ಕ ಒಂದೂವರೆ ಪಟ್ಟು ಹಾಕಿ. ಫ್ಲೋರೈಡ್ ಹೋಗುತ್ತದೆಯೇ ಎಂದು ಎಲ್ಲ ಗ್ರಾಮ ಸಭೆಯಲ್ಲೂ ಕೇಳುತ್ತಾರೆ. ಹೋಗುವುದಿಲ್ಲ, ಅದನ್ನು ಮೊದಲೇ ಹೇಳಿಬಿಡಿ.

ಮಲೆನಾಡಿನ ಅಬ್ಬಿ ನೀರಿನ (ಗುಡ್ಡದ ಝರಿಯಿಂದ ತಾನೇ ಇಳಿದು ಬರುವ ನೀರು) ಯೋಜನೆಗಳಲ್ಲಿ ಇದು ಇನ್ನೂ ಕೂತಿಲ್ಲ. ಪಂಪಿಲ್ಲದ ಕಾರಣ ಹರಿವು ಬೇಸಿಗೆಗೂ ಮಳೆಗಾಲಕ್ಕೂ ತೀರ ಬೇರೆ, ಜುಲೈನಲ್ಲಿ ನೀರು ಕೆಂಪಾಗಿ ಕ್ಲೋರಿನ್ ನಿಲ್ಲುವುದೇ ಇಲ್ಲ. ಅಲ್ಲಿ ಟ್ಯಾಂಕಿಗೆ ಮುಂಚೆ ಜಲ್ಲಿ-ಮರಳಿನ ಸೋಸು ತೊಟ್ಟಿ ಕಟ್ಟಿಸಬೇಕು, ಅದರ ಎಸ್ಟಿಮೇಟ್ ಎರಡು ಪಂಚಾಯಿತಿಗಳಲ್ಲಿ ಈಗ ಜೆಇ ಹತ್ತಿರ ಇದೆ.