ಚಳಿಗಾಲ, ಅಮೋನಿಯಾ ಮತ್ತು ಕೆಸರಿನ ವಯಸ್ಸು: ಎಸ್‌ಟಿಪಿ ನಡೆಸಿದ ನನ್ನ ಅನುಭವ

ಬೆಂಗಳೂರಿನ ಹೊರವಲಯದ ವಸತಿ ಸಮುಚ್ಚಯವೊಂದರಲ್ಲಿ, ದಿನಕ್ಕೆ 300 ಕಿಲೋಲೀಟರ್ ಕೊಳಚೆ ನೀರನ್ನು ಶುದ್ಧೀಕರಿಸುವ ಘಟಕವನ್ನು (ಎಸ್‌ಟಿಪಿ) ನಾನು ಕೆಲವು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ. ಹೊರಬರುವ ನೀರಿನಲ್ಲಿ ಅಮೋನಿಯಾ ರೂಪದ ಸಾರಜನಕ ಲೀಟರಿಗೆ 5 ಮಿಲಿಗ್ರಾಂ, ಒಟ್ಟು ಸಾರಜನಕ 10 ಮಿಲಿಗ್ರಾಂ ದಾಟಬಾರದೆಂಬುದು ನಮಗಿರುವ ಮಿತಿ. ಹಿಮ ಬೀಳುವ ದೇಶಗಳಲ್ಲಿ ನೀರು 10 ಡಿಗ್ರಿಗೆ ಇಳಿದು ಅಮೋನಿಯಾವನ್ನು ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾಗಳ ಕೆಲಸ ಕುಂಟುತ್ತದೆ ಎಂದು ಓದಿದ್ದೆನಾದರೂ, ನಮ್ಮ ಊರಿನ ಚಳಿಯಿಂದ ಅಂಥದ್ದೇನೂ ಆಗದು ಎಂದುಕೊಂಡಿದ್ದೆ.

ಆ ವರ್ಷ ಡಿಸೆಂಬರ್ ಎರಡನೆಯ ವಾರದಲ್ಲಿ, ಒಂದು ಲೀಟರ್ ಸಿಲಿಂಡರಿನಲ್ಲಿ ಅರ್ಧ ಗಂಟೆ ಬಿಟ್ಟ ಕೆಸರು (ನೀರನ್ನು ಶುದ್ಧ ಮಾಡುವ ಬ್ಯಾಕ್ಟೀರಿಯಾಗಳ ರಾಶಿ) 350 ಮಿಲಿಲೀಟರಿಗೆ ಇಳಿಯುವ ಬದಲು 500ರ ಗೆರೆಯ ಮೇಲೆಯೇ ನಿಂತಿತು. ತೊಟ್ಟಿಯಲ್ಲಿ ಕೆಸರು ಹೆಚ್ಚಾಗಿದೆ ಎಂದು ತೀರ್ಮಾನಿಸಿ, ಬಟ್ಟೆಯಲ್ಲಿ ನೀರು ಹಿಂಡಿ ತೆಗೆಯುವ ಫಿಲ್ಟರ್ ಪ್ರೆಸ್ಸಿಗೆ ದಿನಕ್ಕೆ 8 ಕಿಲೋಲೀಟರ್ ಹೋಗುತ್ತಿದ್ದ ಕೆಸರನ್ನು 16ಕ್ಕೆ ಏರಿಸಿದೆ. ನೀರು ತಣ್ಣಗಾದಷ್ಟೂ ಅದರ ಸ್ನಿಗ್ಧತೆ ಹೆಚ್ಚಿ, ಕೆಸರು ನಿಧಾನವಾಗಿ ಇಳಿಯುತ್ತದೆ ಎಂಬುದು ಆಗ ಹೊಳೆಯಲಿಲ್ಲ. ತೊಟ್ಟಿಯ ಕೆಸರಿನ ಸಾಂದ್ರತೆಯನ್ನು ತೂಕ ಮಾಡಿ ನೋಡದೆ ಬರಿಯ ಸಿಲಿಂಡರನ್ನು ನಂಬಿದ್ದು ನನ್ನ ಮೊದಲ ತಪ್ಪು.

ಎರಡನೆಯದು ಇನ್ನೂ ಸೂಕ್ಷ್ಮ. ಒಂದು ವಾರದೊಳಗೆ ಗಾಳಿ ಊದುವ ಏರೇಷನ್ ಟ್ಯಾಂಕಿನಲ್ಲಿ ಕರಗಿದ ಆಮ್ಲಜನಕ 2ರಿಂದ 3.5 ಮಿಲಿಗ್ರಾಂಗೆ ಏರಿತು, ಪಿಎಚ್ 7.0ರಿಂದ 7.6ಕ್ಕೆ ಬಂತು, ನೈಟ್ರೇಟ್ ಅಳೆಯುವ ಪರೀಕ್ಷಾ ಪಟ್ಟಿಯ ಬಣ್ಣ ತಿಳಿಯಾಯಿತು. ಮೂರನ್ನೂ ನೋಡಿ ಘಟಕ ಚೆನ್ನಾಗಿ ನಡೆಯುತ್ತಿದೆ ಎಂದು ಲಾಗ್‌ಬುಕ್ಕಿನಲ್ಲಿ ಬರೆದಿಟ್ಟೆ. ಆ ಪುಟ ಇಂದಿಗೂ ಇದೆ. ವಾಸ್ತವದಲ್ಲಿ ಆ ಮೂರೂ ಒಂದೇ ಸಂಗತಿಯ, ಅಮೋನಿಯಾ ನೈಟ್ರೇಟ್ ಆಗುವುದು ನಿಂತದ್ದರ, ಗುರುತುಗಳಾಗಿದ್ದವು. ಒಂದು ಗ್ರಾಂ ಅಮೋನಿಯಾ ಸಾರಜನಕವನ್ನು ನೈಟ್ರೇಟ್ ಮಾಡಲು ಸುಮಾರು 4.57 ಗ್ರಾಂ ಆಮ್ಲಜನಕ ಬೇಕು, ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ 7.14 ಗ್ರಾಂನಷ್ಟು ಕ್ಷಾರೀಯತೆಯೂ (ಪಿಎಚ್ ಇಳಿಯದಂತೆ ತಡೆಯುವ ಗುಣ) ಖರ್ಚಾಗುತ್ತದೆ. ಆಮ್ಲಜನಕ ಮಿಗುತ್ತಿದ್ದುದು ತಿನ್ನುವವರು ಇಲ್ಲದ್ದರಿಂದ, ಪಿಎಚ್ ಏರಿದ್ದು ಕ್ಷಾರೀಯತೆ ಖರ್ಚಾಗದ್ದರಿಂದ, ನೈಟ್ರೇಟ್ ಇಳಿದದ್ದು ಅದು ಹುಟ್ಟುವುದೇ ನಿಂತಿದ್ದರಿಂದ.

ನಿಜಸ್ಥಿತಿ ತಿಳಿದದ್ದು ಸೋಂಕು ನಿವಾರಕ ಹೈಪೋಕ್ಲೋರೈಟ್‌ನಿಂದ. ಫ್ಲಶ್‌ಗೆ ಹೋಗುವ ನೀರಿಗೆ ಎಷ್ಟು ಹಾಕಿದರೂ ಪರೀಕ್ಷೆಯಲ್ಲಿ ಮುಕ್ತ ಕ್ಲೋರಿನ್ನಿನ ಬಣ್ಣ ಕಾಣಿಸದೆ, ‘ಸರ್, ಕ್ಯಾನ್ ಖಾಲಿಯಾಗ್ತಿದೆ, ಬಣ್ಣ ಮಾತ್ರ ಬರ್ತಿಲ್ಲ’ ಎಂದು ಆಪರೇಟರ್ ದೂರಿದರು. ಕ್ಲೋರಿನ್ ಅಮೋನಿಯಾದೊಡನೆ ಸೇರಿ ಕ್ಲೋರಮೀನ್ ಆಗುತ್ತದೆ ಎಂಬುದು ನೆನಪಾಗಿ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಿದೆ. ಸಾಮಾನ್ಯವಾಗಿ 2 ಮಿಲಿಗ್ರಾಂ ಒಳಗಿರುತ್ತಿದ್ದ ಅಮೋನಿಯಾ 18ಕ್ಕೆ ಏರಿತ್ತು. ಮರುದಿನ ಬೆಳಗ್ಗೆ ಆರಕ್ಕೆ ತೊಟ್ಟಿಗೆ ಥರ್ಮಾಮೀಟರ್ ಇಳಿಬಿಟ್ಟಾಗ 21 ಡಿಗ್ರಿ ತೋರಿಸಿತು. ಅಕ್ಟೋಬರಿನಲ್ಲಿ ಅದು 27 ಇತ್ತು. ವರ್ಷಾಂತ್ಯದ ರಜೆಗೆ ಅರ್ಧದಷ್ಟು ಮನೆಗಳು ಊರಿಗೆ ಹೋಗಿದ್ದವು. ಸ್ನಾನದ ಬಿಸಿನೀರು ಒಳಗೆ ಬರುವುದೂ ಕಡಿಮೆಯಾಗಿತ್ತು.

ಅಮೋನಿಯಾವನ್ನು ನೈಟ್ರೈಟ್ ಮಾಡುವ ನೈಟ್ರೊಸೊಮೊನಾಸ್‌ನಂಥವೂ, ನೈಟ್ರೈಟನ್ನು ನೈಟ್ರೇಟ್ ಮಾಡುವ ನೈಟ್ರೊಸ್ಪೈರಾದಂಥವೂ ಸ್ವಭಾವತಃ ನಿಧಾನವಾಗಿ ಬೆಳೆಯುವ ಬ್ಯಾಕ್ಟೀರಿಯಾಗಳು. ಅವಕ್ಕೆ 30 ಡಿಗ್ರಿಯ ಆಸುಪಾಸು ಹಿತ. ಉಷ್ಣತೆ 10 ಡಿಗ್ರಿ ಇಳಿದರೆ ಬೆಳವಣಿಗೆಯ ವೇಗ ಸ್ಥೂಲವಾಗಿ ಅರ್ಧಕ್ಕೆ ಬರುತ್ತದೆ. ಆರು ಡಿಗ್ರಿಗೆ ಮೂರನೆಯ ಒಂದು ಪಾಲು ಹೋಗುತ್ತದೆ. ಇದಿಷ್ಟೇ ಆಗಿದ್ದರೆ ಘಟಕ ತಡೆದುಕೊಳ್ಳುತ್ತಿತ್ತು. ಆದರೆ ನಮ್ಮಲ್ಲಿ ಗಾಳಿಯಿಲ್ಲದ 50 ಮತ್ತು ಗಾಳಿಯಿರುವ 110, ಒಟ್ಟು 160 ಕಿಲೋಲೀಟರ್ ತೊಟ್ಟಿಗಳಲ್ಲಿ ಒಣ ತೂಕದಲ್ಲಿ ಸುಮಾರು 560 ಕಿಲೋ ಕೆಸರಿತ್ತು. 8 ಕಿಲೋಲೀಟರಿನಲ್ಲಿ ದಿನಕ್ಕೆ 64 ಕಿಲೋ ತೆಗೆಯುವಾಗ ಅದರ ವಯಸ್ಸು, ಅಂದರೆ ಕೆಸರು ತೊಟ್ಟಿಯಲ್ಲಿ ಉಳಿಯುವ ಸರಾಸರಿ ಕಾಲ, ಸುಮಾರು ಒಂಬತ್ತು ದಿನ. ನಾನು 128 ಕಿಲೋ ತೆಗೆಯತೊಡಗಿದ ಮೇಲೆ ನಾಲ್ಕೂವರೆಗಿಂತ ಕಡಿಮೆ, ಅದರಲ್ಲೂ ಗಾಳಿಯಲ್ಲಿ ಕಳೆಯುವುದು ಬರೀ ಮೂರು ದಿನ. ಚಳಿಗೆ ಹೆಚ್ಚು ದಿನ ಬೇಕಾಗಿದ್ದ ಜೀವಿಗಳಿಗೆ ನಾನು ಇದ್ದ ದಿನಗಳನ್ನೂ ಅರ್ಧಕ್ಕೆ ಇಳಿಸಿದ್ದೆ. ಅವು ಮರಿ ಹಾಕುವುದಕ್ಕಿಂತ ಬೇಗ ಪ್ರೆಸ್ಸಿನ ಬಟ್ಟೆಯ ಮೇಲೆ ಹೋಗಿ ಬೀಳುತ್ತಿದ್ದವು.

ಗಾಳಿ ಊದುವ ಎರಡನೆಯ ಬ್ಲೋವರನ್ನೂ ಓಡಿಸಬೇಕೆಂಬ ಸಲಹೆ ಬಂದಿತ್ತು. ಆಮ್ಲಜನಕ ಆಗಲೇ ಮಿಗುತ್ತಿದ್ದುದರಿಂದ ಅದು ವಿದ್ಯುತ್ ಬಿಲ್ಲಿಗೆ ಹೊರತು ಬೇರಾವುದಕ್ಕೂ ಆಗುತ್ತಿರಲಿಲ್ಲ. ಕೆಸರು ತೆಗೆಯುವ ವಾಲ್ವನ್ನು ಪೂರ್ತಿ ಮುಚ್ಚಿದೆ, ಸರಿಯಾಗಿ ನಡೆಯುತ್ತಿದ್ದ ಹತ್ತಿರದ ಘಟಕವೊಂದರಿಂದ ಎರಡು ಟ್ಯಾಂಕರ್ ಕೆಸರು ತರಿಸಿ ಸುರಿಸಿದೆ. ಹತ್ತು ದಿನ ಯಾವ ಬದಲಾವಣೆಯೂ ಕಾಣಲಿಲ್ಲ. ಆಮೇಲೆ ಪಿಎಚ್ ಇಳಿಯತೊಡಗಿತು, ಈ ಸಲ ಅದರ ಅರ್ಥ ನನಗೆ ಗೊತ್ತಿತ್ತು. ಅಮೋನಿಯಾ 5ರ ಕೆಳಗೆ ಬರಲು ಮೂರು ವಾರಗಳಿಗಿಂತ ಹೆಚ್ಚು ಹಿಡಿಯಿತು.

ನೈಟ್ರೇಟನ್ನು ಸಾರಜನಕ ಅನಿಲವಾಗಿ ಬಿಡುವ ಬ್ಯಾಕ್ಟೀರಿಯಾಗಳ ಕಥೆಯೇ ಬೇರೆ. ಅವು ಬಹು ಬಗೆಯವು, ಬೇಗ ಬೆಳೆಯುವಂಥವು, ಚಳಿಗೆ ಅಷ್ಟು ಬೇಗ ಸೋಲುವುದಿಲ್ಲ. ಅವುಗಳ ಕಾಟವಿರುವುದು ಏಪ್ರಿಲ್‌ನಲ್ಲಿ. ನೀರು 29 ಡಿಗ್ರಿ ಮುಟ್ಟಿದಾಗ, ಕೆಸರು ಇಳಿದು ನೀರು ತಿಳಿಯಾಗುವ ಕ್ಲ್ಯಾರಿಫೈಯರ್ ತೊಟ್ಟಿಯ ತಳದಲ್ಲಿ ನಿಂತ ಕೆಸರಿನಲ್ಲೇ ಅವು ಕೆಲಸ ಶುರು ಮಾಡಿ, ಮಧ್ಯಾಹ್ನದ ಹೊತ್ತಿಗೆ ಕಂದು ಹೆಂಟೆಗಳು ಕಾದ ಎಣ್ಣೆಗೆ ಬಿಟ್ಟ ಪೂರಿಯಂತೆ ಉಬ್ಬಿ ಮೇಲೇಳುತ್ತವೆ. ಸಿಲಿಂಡರನ್ನು ಎರಡು ಗಂಟೆ ಹಾಗೆಯೇ ಬಿಟ್ಟರೆ, ಚೆನ್ನಾಗಿ ಇಳಿದಿದ್ದ ಕೆಸರು ಇಡಿಯಾಗಿ ಮೇಲಕ್ಕೆ ಬರುವುದನ್ನು ನೋಡಬಹುದು. ಕೋಲಿನಿಂದ ಬಡಿದರೆ ಗುಳ್ಳೆ ಬಿಟ್ಟು ಮತ್ತೆ ಮುಳುಗುತ್ತದೆ. ಆಗ ಕೆಸರನ್ನು ಮೊದಲಿನ ತೊಟ್ಟಿಗಳಿಗೆ ಹಿಂದಿರುಗಿಸುವ ಪಂಪನ್ನು ಹೆಚ್ಚು ಹೊತ್ತು ಓಡಿಸಿ, ತಳದಲ್ಲಿ ಕೆಸರು ತಂಗದಂತೆ ನೋಡಿಕೊಳ್ಳುತ್ತೇವೆ.

ಈಗ ನವೆಂಬರ್ ನಡುವಿನಿಂದಲೇ ಕೆಸರು ತೆಗೆಯುವುದನ್ನು ಹಂತಹಂತವಾಗಿ 6 ಕಿಲೋಲೀಟರಿಗೆ ಇಳಿಸುತ್ತೇನೆ. ಕೆಸರಿನ ಸಾಂದ್ರತೆ ಲೀಟರಿಗೆ 4,400 ಮಿಲಿಗ್ರಾಂವರೆಗೆ ಏರಿ ವಯಸ್ಸು ಹನ್ನೆರಡು ದಿನಗಳ ಹತ್ತಿರ ನಿಲ್ಲುತ್ತದೆ. ಮಾರ್ಚ್ ಮೊದಲ ವಾರದಲ್ಲಿ, ಬೆಳಗಿನ ಉಷ್ಣತೆ ಸತತ ಐದು ದಿನ 25 ಡಿಗ್ರಿ ದಾಟಿದ ಮೇಲೆ, ಮತ್ತೆ 8ಕ್ಕೆ ತರುತ್ತೇನೆ. ಲಾಗ್‌ಬುಕ್ಕಿನಲ್ಲಿ ಪಿಎಚ್ ಮತ್ತು ಆಮ್ಲಜನಕದ ಪಕ್ಕ ಉಷ್ಣತೆಗೊಂದು ಕಾಲಂ ಗೀಚಿದ್ದೇನೆ. ಅದನ್ನು ಖಾಲಿ ಬಿಟ್ಟ ಪುಟಕ್ಕೆ ಸಹಿ ಹಾಕುವುದಿಲ್ಲ.