ಹಲ್ಲಿನ ಪ್ಲೇಟನ್ನು ಹಂಡೆಯ ನೀರಿಗೆ ಹಾಕಬೇಡಿ

ಮಳೆ ಸುರಿಯುವ ಆಟಿ ತಿಂಗಳಲ್ಲಿ ಕರಾವಳಿಯ ಮನೆಗಳಲ್ಲಿ ಕಪಾಟಿನೊಳಗಿನ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಹೀಗಿರುವಾಗ, ರಾತ್ರಿಯಿಡೀ ಮಕ್ಕಳ ಬಾಯಲ್ಲಿದ್ದು ಬೆಳಿಗ್ಗೆ ಒದ್ದೆಯಾಗಿಯೇ ಡಬ್ಬಿ ಸೇರುವ, ಹಲ್ಲು ಸರಿಪಡಿಸಲು ಹಾಕುವ ಪ್ಲೇಟಿನ ಬಗ್ಗೆ ಮನೆಯವರಿಗೆ ಅಳುಕು ಹುಟ್ಟುವುದು ಸಹಜ. ಮಣಿಪಾಲ, ಮಂಗಳೂರು, ದೇರಳಕಟ್ಟೆಗಳಲ್ಲಿ ದಂತವೈದ್ಯಕೀಯ ಕಾಲೇಜುಗಳಿರುವುದರಿಂದ ಕ್ಲಿಪ್ ಹಾಕಿಸಿಕೊಂಡ ಮಕ್ಕಳು ಬೈಂದೂರಿನಿಂದ ಸುಳ್ಯದವರೆಗೂ ಸಿಗುತ್ತಾರೆ. ಆದರೆ ಒಂದು ಭೇಟಿಯಿಂದ ಇನ್ನೊಂದರವರೆಗೆ ಆ ಸಾಧನವನ್ನು ಕಾಯುವವರು ಮನೆಯವರೇ. ಕ್ರಿಮಿಯನ್ನು ಕೊಲ್ಲುವ ಬಿಸಿ, ರಾಸಾಯನಿಕ ಮತ್ತು ನೆನೆಸುವ ಅವಧಿ ಈ ಮೂರೂ ಮಿತಿ ಮೀರಿದರೆ ಸಾಧನದ ಬಲವನ್ನೇ ತಿನ್ನುತ್ತವೆ.

ಮೊದಲು, ಕೈಯಲ್ಲಿರುವುದು ಯಾವ ವಸ್ತುವಿನದ್ದೆಂದು ನೋಡಿಕೊಳ್ಳಿ. ಗುಲಾಬಿ ಅಥವಾ ಬಣ್ಣಬಣ್ಣದ ಗಟ್ಟಿ ತಟ್ಟೆಯಂತಿದ್ದು, ತಂತಿಯ ಕೊಂಡಿಗಳಿದ್ದರೆ ಅದು ಅಕ್ರಿಲಿಕ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಪ್ಲೇಟು. ಗಾಜಿನಂತೆ ಪಾರದರ್ಶಕವಾಗಿ, ಹಲ್ಲಿನ ಮೇಲೆ ಟೊಪ್ಪಿಯಂತೆ ಕೂರುವುದು ಬಿಸಿಯಲ್ಲಿ ಮೆದುವಾಗಿಸಿ ಅಚ್ಚಿಗೆ ಒತ್ತಿ ತಯಾರಿಸಿದ ಪ್ಲಾಸ್ಟಿಕ್ ರಿಟೈನರ್, ಅಂದರೆ ಸರಿಪಡಿಸಿದ ಹಲ್ಲನ್ನು ಜಾಗದಲ್ಲೇ ಹಿಡಿದಿಡುವ ಸಾಧನ. ಅದನ್ನು ರೂಪಿಸಿದ ಬಿಸಿಯೇ ಅದನ್ನು ಕೆಡಿಸಲೂಬಲ್ಲದು. ಈ ಕೆಲಸಕ್ಕೆ ಹೆಚ್ಚಾಗಿ ಬಳಸುವ ಪ್ಲಾಸ್ಟಿಕ್ ಸುಮಾರು 80 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಮೆದುವಾಗುತ್ತದೆ. ಕುದಿಯುವ ನೀರು 100 ಡಿಗ್ರಿ. ನಮ್ಮ ಮನೆಯಲ್ಲೇ ಒಮ್ಮೆ, ಕ್ರಿಮಿಯೆಲ್ಲ ಸಾಯಲೆಂದು ಮಗಳ ರಿಟೈನರನ್ನು ಬಚ್ಚಲಿನ ಹಂಡೆಯ ಕುದಿನೀರಿನಲ್ಲಿ ಅದ್ದಿ ತೆಗೆದಿದ್ದೆ. ಹೊರಬಂದದ್ದು ಬೆಂಕಿಗೆ ಹಿಡಿದು ಬಾಡಿಸಿದ ಬಾಳೆಲೆಯಂತೆ ಮುದುಡಿಕೊಂಡಿತ್ತು.

ಎರಡನೆಯದಾಗಿ, ಬಾಯಿಂದ ತೆಗೆದ ಕೂಡಲೇ, ಎಂಜಲು ಒಣಗಿ ಪದರವಾಗುವ ಮೊದಲೇ, ತಣ್ಣೀರಿನಲ್ಲಿ ತೊಳೆದು, ಪಾತ್ರೆ ತೊಳೆಯುವ ದ್ರವದ ಒಂದು ಹನಿ ಹಾಕಿ ಮೃದುವಾದ ಬ್ರಷ್ಷಿನಿಂದ ಉಜ್ಜಿ. ಟೂತ್‌ಪೇಸ್ಟ್ ಬೇಡ, ಅದರಲ್ಲಿರುವ ನುಣ್ಣನೆಯ ಪುಡಿ ಹಲ್ಲಿಗೆ ಸರಿ, ಆದರೆ ಅಕ್ರಿಲಿಕ್ ಹಲ್ಲಿಗಿಂತ ಬಹಳ ಮೆದುವಾದ್ದರಿಂದ ಅದರ ಮೇಲೆ ಗೀರು ಬೀಳುತ್ತದೆ. ನಿಜಕ್ಕೂ ಶುದ್ಧಿಯ ಬಹುಪಾಲು ಆಗುವುದು ಈ ಉಜ್ಜುವಿಕೆಯಲ್ಲೇ. ಕೊಳೆಯ ಪದರ ಉಳಿದಿದ್ದರೆ ಎಂಥ ಸೋಂಕುನಿವಾರಕವೂ ಒಳಕ್ಕೆ ಇಳಿಯುವುದಿಲ್ಲ.

ಮೂರನೆಯ ಹಂತ ನೆನೆಸುವುದು, ಮತ್ತು ತಪ್ಪುಗಳು ಹೆಚ್ಚಾಗಿ ನಡೆಯುವುದು ಇಲ್ಲಿ. ಕೊರೊನಾ ಕಾಲದಿಂದ ಸ್ಯಾನಿಟೈಸರ್ ಎಲ್ಲ ಮನೆಯಲ್ಲೂ ಇದೆ. ಆದರೆ ಅದರ ಮದ್ಯಸಾರ ಅಕ್ರಿಲಿಕ್‌ಗೆ ತಾಗಿದರೆ ಕಣ್ಣಿಗೆ ಕಾಣಿಸದಷ್ಟು ಸಣ್ಣ ಬಿರುಕುಗಳು ಏಳುತ್ತವೆ. ಪ್ಲೇಟು ಮುಂದೊಂದು ದಿನ ಮುರಿಯುವುದು ಅಂಥ ಬಿರುಕಿನಿಂದಲೇ, ಮತ್ತು ಕ್ರಿಮಿಗಳು ಮನೆ ಮಾಡುವುದೂ ಅಲ್ಲಿಯೇ. ಬ್ಲೀಚಿನ ತೊಂದರೆ ತಂತಿಗೆ. ಸ್ಟೇನ್‌ಲೆಸ್ ಸ್ಟೀಲ್ ತಂತಿಗೆ ತುಕ್ಕು ಹಿಡಿಯದಂತೆ ಕಾಯುವುದು ಅದರ ಮೈಮೇಲಿರುವ ಕ್ರೋಮಿಯಂ ಆಕ್ಸೈಡಿನ ತೀರ ತೆಳುವಾದ ಪದರ. ಬ್ಲೀಚಿನಲ್ಲಿರುವ ಕ್ಲೋರಿನ್ ಅಂಶ ಆ ಪದರವನ್ನು ಅಲ್ಲಲ್ಲಿ ಕೊರೆದು ಸೂಜಿಮೊನೆಯಷ್ಟು ಗುಂಡಿಗಳನ್ನು ಮಾಡುತ್ತದೆ, ಮತ್ತು ಬಾಗಿಸಿದ ಕೊಂಡಿ ಸಾಮಾನ್ಯವಾಗಿ ತುಂಡಾಗುವುದು ಅಂಥ ಜಾಗದಲ್ಲೇ. ಆದ್ದರಿಂದ ಔಷಧಿ ಅಂಗಡಿಯಲ್ಲಿ ಸಿಗುವ, ನೀರಿನಲ್ಲಿ ನೊರೆಯೇಳುವ ಕೃತಕ ದಂತಪಂಕ್ತಿಯನ್ನು ಶುಚಿಮಾಡುವ ಮಾತ್ರೆಯೇ ಸಾಕು. ಲೋಹವಿರುವ ಸಾಧನಕ್ಕೆ ಆಗುತ್ತದೆಯೇ ಎಂಬುದನ್ನು ಪೊಟ್ಟಣದ ಮೇಲೆ ಓದಿಕೊಂಡು, ಉಗುರು ಬೆಚ್ಚಗಿನ ನೀರಿನಲ್ಲಿ, ಅಲ್ಲಿ ಬರೆದಷ್ಟೇ ನಿಮಿಷ ನೆನೆಸಿ. ಹದಿನೈದು ನಿಮಿಷ ಎಂದಿದ್ದರೆ ಬೆಳಗಿನವರೆಗೆ ಬಿಟ್ಟರೆ ಇನ್ನೂ ಶುದ್ಧವಾದೀತು ಎಂಬ ಲೆಕ್ಕ ತಪ್ಪು; ಗಂಟೆಗಟ್ಟಲೆ ನೆನೆಸಿದರೆ ಸಿಗುವುದು ಹೆಚ್ಚಿನ ಸವೆತ ಮಾತ್ರ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಈ ಮಾತ್ರೆಗಳನ್ನು ಎತ್ತರದಲ್ಲಿಡಿ. ಅವು ನುಂಗುವ ಮಾತ್ರೆಗಳಲ್ಲ.

ಹಲ್ಲಿನ ಮೇಲೆ ಅಂಟಿಸಿದ ಕ್ಲಿಪ್ಪಿನ ರಬ್ಬರುಗಳಿಗೆ ಈ ಯಾವ ಉಪಚಾರವೂ ಬೇಡ. ಸಾಲಾಗಿ ಕೂರಿಸುವ ರಬ್ಬರ್ ಸರಪಳಿ ಬಾಯಿಯ ಬಿಸಿ, ಎಂಜಲು ಮತ್ತು ಹಿಗ್ಗಿದ ಸ್ಥಿತಿಯಿಂದಲೇ ಮೊದಲ 24 ಗಂಟೆಯಲ್ಲಿ ತನ್ನ ಸೆಳೆತದ ಅರ್ಧದಷ್ಟನ್ನು ಕಳೆದುಕೊಳ್ಳುತ್ತದೆ. ಮಕ್ಕಳು ತಾವೇ ಸಿಕ್ಕಿಸಿಕೊಳ್ಳುವ ಸಣ್ಣ ಬಳೆಯಂಥ ರಬ್ಬರನ್ನು ತೊಳೆದು ಮತ್ತೆ ಹಾಕುವ ಮಿತವ್ಯಯ ಸಲ್ಲದು. ವೈದ್ಯರು ಹೇಳಿದ ಪ್ರಕಾರ ಹೊಸದನ್ನು ಹಾಕಿ, ಹಳೆಯದನ್ನು ಬಿಸಾಡಿ.

ಆಸ್ಪತ್ರೆಯಲ್ಲಿ ಇಕ್ಕಳಗಳನ್ನು 121 ಡಿಗ್ರಿಯ ಒತ್ತಡದ ಹಬೆಯಲ್ಲಿ ಬೇಯಿಸುತ್ತಾರಲ್ಲ, ಮನೆಯ ಪ್ಲೇಟನ್ನೂ ಕುಕ್ಕರಿನಲ್ಲಿ ಹಾಗೆಯೇ ಮಾಡಬಾರದೇ ಎಂದು ಕೇಳುವವರಿದ್ದಾರೆ. ಉಕ್ಕಿನ ತಂತಿ ಆ ಬಿಸಿಗೆ ಜಗ್ಗುವುದಿಲ್ಲ. ಲೋಹದ ಗುಣ ಬದಲಾಗಬೇಕಾದರೆ ಅದಕ್ಕಿಂತ ಬಹಳ ಹೆಚ್ಚಿನ ಶಾಖ ಬೇಕು. ಪ್ಲಾಸ್ಟಿಕ್ಕಿಗೆ ಆ ತಾಳಿಕೆಯಿಲ್ಲ. ಇಕ್ಕಳಗಳಿಗೂ ಹಬೆಗಿಂತ ದೊಡ್ಡ ಶತ್ರು ಆಮೇಲೆ ಕೀಲಿನಲ್ಲಿ ಉಳಿಯುವ ತೇವ.

ಕೊನೆಗೆ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದು, ನೀರು ಕೊಡವಿ, ತೂತುಗಳಿರುವ ಡಬ್ಬಿಯಲ್ಲಿಡಿ. ಮಳೆಗಾಲದಲ್ಲಿ ಬೇಗ ಒಣಗಲೆಂದು ಒಲೆಯ ದಂಡೆಯಲ್ಲೋ, ಬಿಸಿಲು ಬಂದ ದಿನ ಕಾರಿನ ಗಾಜಿನ ಕೆಳಗೋ ಇಡಬೇಡಿ. ಡಬ್ಬಿಯನ್ನೂ ವಾರಕ್ಕೊಮ್ಮೆ ಸೋಪು ಹಾಕಿ ತೊಳೆಯಿರಿ. ಮರುದಿನ ಹಾಕುವಾಗ ಪ್ಲೇಟು ಮೊದಲಿನಂತೆ ಕೂರದೆ ಒಂದು ಬದಿ ಎದ್ದು ನಿಂತರೆ, ಕೊಂಡಿಯನ್ನು ಕೈಯಿಂದ ಬಗ್ಗಿಸಿ ಸರಿಮಾಡಲು ಹೋಗದೆ, ಡಬ್ಬಿಯ ಸಮೇತ ವೈದ್ಯರಿಗೆ ತೋರಿಸಿ. ಯಾವ ದ್ರಾವಣದಲ್ಲಿ ಎಷ್ಟು ಹೊತ್ತು ಇಟ್ಟಿದ್ದಿರಿ ಎಂಬುದನ್ನೂ ಮುಚ್ಚಿಡದೆ ಹೇಳಿ.