ಆಮೆಯ ಬಾಯಿ ಮುಚ್ಚಿಸಿದ ಮೇಲೆ

ನಮ್ಮ ಗೊಂಬೆಯಾಟದ ಮೊದಲ ಪ್ರದರ್ಶನದಲ್ಲಿ ಕಡಲಾಮೆ ಗೊಂಬೆ ಐದು ನಿಮಿಷ ಭಾಷಣ ಬಿಗಿಯಿತು. ಕಾರ್ಬನ್ ಡೈಆಕ್ಸೈಡ್, ಭೂಮಿಯ ಬಿಸಿ, ಕರಗುವ ಹಿಮ, ಎಲ್ಲಾ ಬಂತು. ಬರೆದವನು ನಾನೇ, ಯಾರನ್ನೂ ಬೈಯುವ ಹಾಗಿಲ್ಲ. ಎರಡನೇ ನಿಮಿಷಕ್ಕೇ ಮುಂದಿನ ಸಾಲಿನ ಮಕ್ಕಳು ಒಬ್ಬರನ್ನೊಬ್ಬರು ಚಿವುಟಲು ಶುರು ಮಾಡಿದ್ದರು.

ಆ ನಾಟಕ ಬಿಸಾಡಿ ಒಂದೇ ಸಂಗತಿ ಹಿಡಿದುಕೊಂಡೆ. ಕಡಲಾಮೆ ಮರಿ ಗಂಡೋ ಹೆಣ್ಣೋ ಅನ್ನೋದು ಮರಳಿನ ಬಿಸಿಯ ಮೇಲೆ ನಿಂತಿದೆ. ಗೂಡು ಸುಮಾರು 29 ಡಿಗ್ರಿ ಸೆಲ್ಸಿಯಸ್ ಇದ್ದರೆ ಎರಡೂ ಹುಟ್ಟುತ್ತವೆ, ಅದಕ್ಕಿಂತ ಬಿಸಿಯಾದಷ್ಟೂ ಹೆಣ್ಣೇ ಜಾಸ್ತಿ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ ಅನ್ನೋ ಹವಳದ ದಿಬ್ಬಗಳ ಸಾಲಿನ ಉತ್ತರ ಭಾಗದಲ್ಲಿ ಹುಟ್ಟಿದ ಎಳೆಯ ಹಸಿರು ಕಡಲಾಮೆಗಳಲ್ಲಿ ಶೇ. 99ಕ್ಕಿಂತ ಜಾಸ್ತಿ ಹೆಣ್ಣೇ ಅಂತ 2018ರಲ್ಲಿ ವಿಜ್ಞಾನಿಗಳು ಹೇಳಿದರು. ಇದನ್ನು ಓದುವಾಗಲೇ ನನಗೆ ದೃಶ್ಯ ಕಂಡುಬಿಟ್ಟಿತ್ತು.

ತಾಯಿ ಆಮೆ ಹಳೇ ಹಾಸಿಗೆಯ ಸ್ಪಂಜಿನದು. ಮುಂಗಾಲು ಆಡಿಸಲು ಮುರಿದ ಕೊಡೆಯ ಕಡ್ಡಿ, ಅದೇ ಕೊಡೆಯ ಬಟ್ಟೆ ಸಮುದ್ರ. (ಇಂಥ ನಾಟಕಕ್ಕೆ ಹೊಸ ಸ್ಪಂಜು ಕೊಳ್ಳಲು ನಾಚಿಕೆಯಾಯಿತು, ಅಷ್ಟೇ.) ಮೊಟ್ಟೆಗೆ ಅಂತ ಥರ್ಮಾಕೋಲ್ ಉಂಡೆ ತಂದು, ಸ್ಪಂಜಿಗೆ ಹಚ್ಚಿದ ಅಂಟನ್ನೇ ಹಚ್ಚಿದೆ. ಕಣ್ಣೆದುರೇ ಕರಗಿ ಗುಳಿ ಬಿತ್ತು! ಆ ಅಂಟು ಥರ್ಮಾಕೋಲನ್ನು ತಿಂದುಹಾಕುತ್ತದೆ. ಕೊನೆಗೆ ಹಳೇ ಪೇಪರ್ ಉಂಡೆಗಳೇ ಗತಿಯಾದವು.

ಕಣ್ಣಿನ ವಿಷಯಕ್ಕೆ ಮಾತ್ರ ಮೂರು ದಿನ ಹೋಯಿತು. ಎರಡು ಕರಿ ಗುಂಡಿಗಳನ್ನು ನೇರವಾಗಿ ಹೊಲಿದರೆ ಗೊಂಬೆ ಎಲ್ಲೋ ಶೂನ್ಯ ನೋಡುತ್ತಿರುತ್ತದೆ, ಕೂದಲೆಳೆಯಷ್ಟು ಒಳಕ್ಕೆ ಸರಿಸಿದರೆ ಯಾರನ್ನೋ ನೋಡಿದ ಹಾಗಾಗುತ್ತದೆ. ಇನ್ನೊಂದು ವಿಷಯ ಗೊಂಬೆಯ ಉಸಿರಾಟ. ಮಾತಿಲ್ಲದಾಗ ಗೊಂಬೆ ಸುಮ್ನೆ ನಿಂತರೆ ಅದು ಬರೀ ಸ್ಪಂಜು, ಅಲ್ವಾ? ಮಣಿಕಟ್ಟು ಒಂದಿಷ್ಟೇ ಎತ್ತಿ ನಿಧಾನಕ್ಕೆ ಇಳಿಸಬೇಕು, ಮತ್ತೆ ಎತ್ತಬೇಕು, ಕೈ ಸೋತರೂ ಬಿಡಬಾರದು. ಅದನ್ನು ಕಲಿತ ಮೇಲೆ ಆಮೆಯ ಭಾಷಣವೆಲ್ಲಾ ಕತ್ತರಿಸಿ ಹಾಕಿದೆ. ಈಗ ಅದಕ್ಕೆ ಒಂದೂ ಮಾತಿಲ್ಲ.

ಗೂಡು ಮಾತ್ರ ನೆರಳಾಟ. ಬಿಳಿ ಪರದೆಯ ಹಿಂದೆ ಟಾರ್ಚ್, ಮರಳು ಬಿಸಿಯಾಗುತ್ತಿದೆ ಅನ್ನುವ ಹಾಗೆ ಅದರ ಮುಂದೆ ನಿಧಾನವಾಗಿ ಕೆಂಪು ಪಾರದರ್ಶಕ ಕಾಗದ ಸರಿಯುತ್ತದೆ. ಮೊಟ್ಟೆ ಒಡೆದು ಒಂದು ಮರಿ ಬಂದು "ನಾನು ಹೆಣ್ಣು" ಅನ್ನುತ್ತದೆ. "ನಾನೂ ಹೆಣ್ಣು." "ನಾನೂ!" ನಾಲ್ಕೈದರವರೆಗೆ ಮಕ್ಕಳು ನಗುತ್ತಾರೆ. ಎಂಟನೆಯದಕ್ಕೆ ನಗು ನಿಂತಿರುತ್ತದೆ. ಹತ್ತಾಗುವಷ್ಟರಲ್ಲಿ ಯಾರಾದರೂ ಕೂಗಿಯೇ ಕೂಗುತ್ತಾರೆ, "ಗಂಡು ಎಲ್ಲಿ?"

ಒಂದು ಸಲ ಒಬ್ಬಳು ಹುಡುಗಿ ಎದ್ದು ಬಂದು, ಸಮುದ್ರದ ಬಟ್ಟೆಯನ್ನೇ ಎಳೆದು ಗೂಡಿನ ಮೇಲೆ ಹಿಡಿದಳು. "ನೆರಳು ಮಾಡ್ತೀನಿ." ಸಮುದ್ರ ಮಾಯ! ಟಾರ್ಚ್ ಹಿಡಿದಿದ್ದ ಗೆಳೆಯ ಗಾಬರಿಯಾಗಿ ಅದನ್ನು ಆರಿಸಿಬಿಟ್ಟ. ನಿಜಕ್ಕೂ ಕೆಲವು ಕಡೆ ಗೂಡುಗಳಿಗೆ ಹೀಗೇ ಬಟ್ಟೆಯ ನೆರಳು ಕಟ್ಟುತ್ತಾರೆ. ಆದರೆ ಇಡೀ ಕಡಲತೀರಕ್ಕೆ ಕಟ್ಟಲಾಗುತ್ತದೆಯೇ?

ಅಂದಿನಿಂದ ಪೆಟ್ಟಿಗೆಯಲ್ಲಿ ಒಂದು ಗಟ್ಟಿ ಕೊಡೆ ಇಟ್ಟುಕೊಂಡಿದ್ದೇವೆ, ಯಾರು ಎದ್ದು ಬಂದರೂ ಅವರ ಕೈಗೆ ಕೊಡುತ್ತೇವೆ. ಗೆಳೆಯ ಈಗ ಟಾರ್ಚ್ ಆರಿಸುವುದಿಲ್ಲ. ಮಗುವಿನ ಕೈ ಸೋತು ಕೊಡೆ ಕೆಳಗಿಳಿಯುವವರೆಗೂ ಅದು ಉರಿಯುತ್ತಲೇ ಇರುತ್ತದೆ.